ದೈತ್ಯ ಗ್ರಹಗಳ ವಾಯುಮಂಡಲದಲ್ಲಿ ಮೋಡಗಳ ರಚನೆ ಮತ್ತು ಉಷ್ಣಸಂವಹನ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಸೌರವ್ಯೂಹದ ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳನ್ನು ದೈತ್ಯ ಗ್ರಹಗಳೆಂದು ಕರೆಯಲಾಗುತ್ತದೆ. ಭೂಮಿಯಲ್ಲಿರುವಂತೆ ಕಾಲೂರಿ ನಿಲ್ಲಬಹುದಾದ ನೆಲವು ಈ ಗ್ರಹಗಳಲ್ಲಿ ಇರುವುದಿಲ್ಲ. ದೂರದರ್ಶಕದಲ್ಲಿ ಹಾಗೂ ಛಾಯಾಚಿತ್ರಗಳಲ್ಲಿ ಕಾಣಬರುವ ಪಟ್ಟೆಗಳು, ಕಲೆಗಳು ಮತ್ತು ಸುಳಿಗಳು ಅವುಗಳ ಮೋಡಗಳ ಮೇಲ್ಭಾಗ ಮಾತ್ರವಾಗಿರುತ್ತವೆ. ಮೋಡಗಳ ಕೆಳಗೆ ಏನಿದೆ, ಎಷ್ಟಿದೆ ಎಂಬುದನ್ನು ಮೇಲ್ಭಾಗವನ್ನು ನೋಡಿ ನೇರವಾಗಿ ಹೇಳಲು ಬರುವುದಿಲ್ಲ.

ಈ ಗ್ರಹಗಳ ಒಳಭಾಗದಲ್ಲಿ ನೀರಿನ ಪ್ರಮಾಣ ಎಷ್ಟೆಂದು ತಿಳಿದಲ್ಲಿ, ಅವು ಸೂರ್ಯನಿಂದ ಎಷ್ಟು ದೂರದಲ್ಲಿ, ಯಾವ ಸಾಮಗ್ರಿಯಿಂದ ಹುಟ್ಟಿದವು ಎಂಬುದನ್ನು ಊಹಿಸಲು ಸಾಧ್ಯವಾಗುತ್ತದೆ. ಆದರೆ ನೀರಿನ ಬಹುಪಾಲು ಮೋಡಗಳ ಕೆಳಗೆ ಅಡಗಿರುವುದರಿಂದ, ಅದರ ಲೆಕ್ಕ ಸರಿಯಾಗಿ ಸಿಗಬೇಕಾದಲ್ಲಿ ಅಲ್ಲಿನ ಹವಾಮಾನವನ್ನು, ಅಂದರೆ ಮೋಡ ಕಟ್ಟುವ ಮತ್ತು ಗಾಳಿ ಮೇಲೇರುವ ಕ್ರಮವನ್ನು, ಮೊದಲು ಅರಿಯುವುದು ಅವಶ್ಯವಾಗಿರುತ್ತದೆ. ಈ ಕ್ರಮವನ್ನು ಸಾರ್ವಜನಿಕರಿಗೆ, ವಿದ್ಯಾರ್ಥಿಗಳಿಗೆ ಹಾಗೂ ಶಿಕ್ಷಕರಿಗೆ ತಿಳಿಯಪಡಿಸುವುದು ಈ ಪುಟದ ಉದ್ದೇಶವಾಗಿದೆ. ಈ ಮಾಹಿತಿಯನ್ನು ಪಡೆಯಲು ಯಾವುದೇ ಅರ್ಜಿ ಅಥವಾ ಶುಲ್ಕದ ಅಗತ್ಯವಿರುವುದಿಲ್ಲ.

2. ಬಳಸಲಾದ ಪದಗಳ ಅರ್ಥ

ಈ ಪುಟದಲ್ಲಿ ಬಳಸಲಾದ ಕೆಲವು ಪದಗಳ ಅರ್ಥವು ಈ ಕೆಳಕಂಡಂತಿರುತ್ತದೆ.

(ಅ) ಉಷ್ಣಸಂವಹನ: ಕೆಳಗಿನ ಬಿಸಿ ಅನಿಲವು ಹಗುರವಾಗಿ ಮೇಲೇರಿ, ಮೇಲಿನ ತಂಪಾದ ಅನಿಲವು ಭಾರವಾಗಿ ಕೆಳಗಿಳಿದು, ಈ ಚಲನೆಯ ಮೂಲಕ ಶಾಖವು ಸಾಗಣೆಯಾಗುವುದು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಮರಳುವಾಗ ನಡೆಯುವುದೂ ಇದೇ ಕ್ರಿಯೆ.

(ಆ) ಸಾಂದ್ರೀಕರಣ: ಆವಿಯು ತಂಪಾಗಿ ಹನಿಯಾಗಿ ಅಥವಾ ಹಿಮಕಣವಾಗಿ ಮಾರ್ಪಡುವುದು. ಮೋಡವೆಂದರೆ ಇಂತಹ ಹನಿ ಅಥವಾ ಕಣಗಳ ಸಮೂಹ.

(ಇ) ಗುಪ್ತೋಷ್ಣ: ಆವಿಯು ಹನಿಯಾಗುವಾಗ ಸುತ್ತಲಿನ ಅನಿಲಕ್ಕೆ ಬಿಟ್ಟುಕೊಡುವ ಶಾಖ.

(ಈ) ಬಾರ್: ಒತ್ತಡದ ಅಳತೆ. 1 ಬಾರ್ ಎಂದರೆ ಸ್ಥೂಲವಾಗಿ ಭೂಮಿಯ ಸಮುದ್ರಮಟ್ಟದಲ್ಲಿರುವ ವಾಯುವಿನ ಒತ್ತಡ. ದೈತ್ಯ ಗ್ರಹಗಳಲ್ಲಿ ನೆಲವಿಲ್ಲದ ಕಾರಣ ಎತ್ತರ ಮತ್ತು ಆಳಗಳನ್ನು ಒತ್ತಡದ ಮೂಲಕವೇ ಸೂಚಿಸುವುದು ರೂಢಿಯಲ್ಲಿದೆ.

3. ದೈತ್ಯ ಗ್ರಹಗಳ ಸಂಕ್ಷಿಪ್ತ ವಿವರ

ಗುರು: ಸೂರ್ಯನಿಂದ ಇರುವ ದೂರ ಭೂಮಿಯ ದೂರದ 5.2 ಪಟ್ಟು. ದ್ರವ್ಯರಾಶಿ ಭೂಮಿಯ 318 ಪಟ್ಟು. 1 ಬಾರ್ ಮಟ್ಟದ ಉಷ್ಣತೆ ಸುಮಾರು ಮೈನಸ್ 108 ಡಿಗ್ರಿ ಸೆಲ್ಸಿಯಸ್.

ಶನಿ: ದೂರ 9.5 ಪಟ್ಟು. ದ್ರವ್ಯರಾಶಿ 95 ಪಟ್ಟು. ಉಷ್ಣತೆ ಸುಮಾರು ಮೈನಸ್ 139 ಡಿಗ್ರಿ ಸೆಲ್ಸಿಯಸ್.

ಯುರೇನಸ್: ದೂರ 19.2 ಪಟ್ಟು. ದ್ರವ್ಯರಾಶಿ 14.5 ಪಟ್ಟು. ಉಷ್ಣತೆ ಸುಮಾರು ಮೈನಸ್ 197 ಡಿಗ್ರಿ ಸೆಲ್ಸಿಯಸ್.

ನೆಪ್ಚೂನ್: ದೂರ 30 ಪಟ್ಟು. ದ್ರವ್ಯರಾಶಿ 17 ಪಟ್ಟು. ಉಷ್ಣತೆ ಸುಮಾರು ಮೈನಸ್ 201 ಡಿಗ್ರಿ ಸೆಲ್ಸಿಯಸ್.

ನಾಲ್ಕೂ ಗ್ರಹಗಳ ವಾಯುಮಂಡಲದ ಮುಖ್ಯ ಘಟಕಗಳು ಜಲಜನಕ ಮತ್ತು ಹೀಲಿಯಂ. ಮೋಡ ಕಟ್ಟುವ ಪದಾರ್ಥಗಳಾದ ನೀರು, ಅಮೋನಿಯಾ, ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅಲ್ಪ ಪ್ರಮಾಣದಲ್ಲಿ ಮಾತ್ರ ಇರುತ್ತವೆ. ಹೀಗಿದ್ದರೂ ಅಲ್ಲಿನ ಹವಾಮಾನವನ್ನು ನಿರ್ಧರಿಸುವಲ್ಲಿ ಈ ಅಲ್ಪಾಂಶಗಳ ಪಾತ್ರ ದೊಡ್ಡದು.

4. ಶಾಖದ ಜಮಾ-ಖರ್ಚು

ಭೂಮಿಯ ಹವಾಮಾನಕ್ಕೆ ಸೂರ್ಯನ ಬಿಸಿಲೇ ಆಧಾರ. ಗುರುಗ್ರಹಕ್ಕೆ ತಲುಪುವ ಬಿಸಿಲು ಭೂಮಿಗೆ ತಲುಪುವುದರ 27ನೆಯ ಒಂದು ಭಾಗ ಮಾತ್ರ. ನೆಪ್ಚೂನ್‌ಗೆ ತಲುಪುವುದು 900ನೆಯ ಒಂದು ಭಾಗ. ಇಷ್ಟು ಕಡಿಮೆ ಬಿಸಿಲಿನಲ್ಲಿಯೂ ಅಲ್ಲಿ ಬಿರುಗಾಳಿ ಮತ್ತು ಮಿಂಚು ಇರುವುದಕ್ಕೆ ಗ್ರಹದ ಒಳಗಿನಿಂದ ಬರುವ ಶಾಖವು ಮುಖ್ಯ ಕಾರಣವಾಗಿದೆ.

2000ದ ಡಿಸೆಂಬರ್‌ನಲ್ಲಿ ಕ್ಯಾಸಿನಿ ಗಗನನೌಕೆಯು ಶನಿಯ ಕಡೆಗೆ ಸಾಗುವ ಮಾರ್ಗದಲ್ಲಿ ಗುರುವನ್ನು ಹಾದುಹೋಗುವಾಗ ತೆಗೆದುಕೊಂಡ ಅಳತೆಗಳ ಆಧಾರದ ಮೇಲೆ 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಗುರುಗ್ರಹವು ಸೂರ್ಯನಿಂದ ಹೀರಿಕೊಳ್ಳುವ ಶಾಖದ ಎರಡು ಪಟ್ಟಿಗೂ ತುಸು ಹೆಚ್ಚು ಶಾಖವನ್ನು ಹೊರಸೂಸುತ್ತದೆ. ಒಳಗಿನಿಂದ ಬರುವ ಪಾಲು ಪ್ರತಿ ಚದರ ಮೀಟರಿಗೆ ಸುಮಾರು 7.5 ವ್ಯಾಟ್. ಶನಿ ಮತ್ತು ನೆಪ್ಚೂನ್ ಗ್ರಹಗಳಲ್ಲಿಯೂ ಇದೇ ರೀತಿ ವೆಚ್ಚವು ಆದಾಯವನ್ನು ಮೀರಿರುತ್ತದೆ. ಈ ವ್ಯತ್ಯಾಸವು ಗ್ರಹವು ಹುಟ್ಟುವಾಗ ಕೂಡಿಕೊಂಡ ಶಾಖದಿಂದ, ಅಂದರೆ ಆರಂಭಿಕ ಶಿಲ್ಕಿನಿಂದ, ಭರ್ತಿಯಾಗುತ್ತಿದೆ. ಗ್ರಹವು ಕೋಟ್ಯಂತರ ವರ್ಷಗಳಿಂದ ನಿಧಾನವಾಗಿ ಕುಗ್ಗುತ್ತಾ, ತಣ್ಣಗಾಗುತ್ತಾ ಬಂದಿದೆ. ಶನಿಯ ಒಳಭಾಗದಲ್ಲಿ ಹೀಲಿಯಂ ಹನಿಗಳು ಜಲಜನಕದಿಂದ ಬೇರ್ಪಟ್ಟು ಕೆಳಗಿಳಿಯುವುದರಿಂದಲೂ ಶಾಖ ಬಿಡುಗಡೆಯಾಗುತ್ತದೆ ಎಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಒಳಗಿನ ಈ ಶಾಖವು ಹೊರಬರಲು ಇರುವ ಮುಖ್ಯ ಮಾರ್ಗವೇ ಉಷ್ಣಸಂವಹನ. ಮೋಡಗಳ ಪದರಗಳು ಇದೇ ಮಾರ್ಗದಲ್ಲಿ ಇರುವುದರಿಂದ, ಅವು ಶಾಖದ ಸಾಗಣೆಗೆ ಕೆಲವೊಮ್ಮೆ ನೆರವಾಗುತ್ತವೆ, ಕೆಲವೊಮ್ಮೆ ಅಡ್ಡಿಯಾಗುತ್ತವೆ.

5. ಮೋಡಗಳ ಪದರಗಳು

ಗುರುವಿನ ವಾಯುಮಂಡಲದಲ್ಲಿ ಮೇಲೇರುವ ಅನಿಲವು ಪ್ರತಿ ಕಿಲೋಮೀಟರಿಗೆ ಸುಮಾರು 2 ಡಿಗ್ರಿಯಷ್ಟು ತಂಪಾಗುತ್ತದೆ. ಪ್ರತಿಯೊಂದು ಆವಿಯೂ ತನಗೆ ತಕ್ಕ ಉಷ್ಣತೆ ಮತ್ತು ಒತ್ತಡ ಒದಗಿದ ಮಟ್ಟದಲ್ಲಿ ಸಾಂದ್ರೀಕರಣಗೊಳ್ಳುವುದರಿಂದ ಮೋಡಗಳು ಮಹಡಿಗಳಂತೆ ಒಂದರ ಮೇಲೊಂದು ಕಟ್ಟಿಕೊಳ್ಳುತ್ತವೆ. 1969ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಲೂಯಿಸ್ ಅವರು ಈ ತತ್ವದ ಮೇಲೆ ಗುರುವಿನ ಮೋಡಗಳ ಲೆಕ್ಕವನ್ನು ಪ್ರಕಟಿಸಿದರು. ಅದೇ ಕ್ರಮವು ಇಂದಿಗೂ ಆಧಾರವಾಗಿದೆ. ಗುರುವಿನ ಮೋಡಗಳ ಪದರಗಳು ಮೇಲಿನಿಂದ ಕೆಳಕ್ಕೆ ಈ ಕೆಳಕಂಡಂತಿರುತ್ತವೆ.

(1) ಅಮೋನಿಯಾ ಹಿಮದ ಮೋಡ: ಸುಮಾರು 0.7 ಬಾರ್ ಮಟ್ಟದಲ್ಲಿ ಪ್ರಾರಂಭವಾಗುತ್ತದೆ.

(2) ಅಮೋನಿಯಂ ಹೈಡ್ರೋಸಲ್ಫೈಡ್ ಮೋಡ: ಸುಮಾರು 2 ಬಾರ್ ಮಟ್ಟ. ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ಕೂಡಿ ಈ ಕಣಗಳು ಉಂಟಾಗುತ್ತವೆ.

(3) ನೀರಿನ ಮೋಡ: ಸುಮಾರು 5ರಿಂದ 6 ಬಾರ್ ಮಟ್ಟ. ಇಲ್ಲಿ ಉಷ್ಣತೆಯು ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿರುತ್ತದೆ.

ಶನಿಯು ಹೆಚ್ಚು ತಂಪಾಗಿರುವ ಕಾರಣ ಇದೇ ಪದರಗಳು ಅಲ್ಲಿ ಇನ್ನೂ ಆಳದಲ್ಲಿ ರಚನೆಯಾಗುತ್ತವೆ. ನೀರಿನ ಮೋಡವು 10 ಬಾರ್ ಅಥವಾ ಅದಕ್ಕೂ ಕೆಳಗಿನ ಮಟ್ಟದಲ್ಲಿರುತ್ತದೆ. ಯುರೇನಸ್ ಮತ್ತು ನೆಪ್ಚೂನ್‌ಗಳಲ್ಲಿ ಶೀತವು ಎಷ್ಟಿದೆಯೆಂದರೆ, ಗುರು ಮತ್ತು ಶನಿಗಳಲ್ಲಿ ಆವಿಯಾಗಿಯೇ ಉಳಿಯುವ ಮೀಥೇನ್ ಕೂಡ ಅಲ್ಲಿ ಮೋಡ ಕಟ್ಟುತ್ತದೆ.

6. ತೇವವಾಯುವಿನ ತೂಕ: ಭೂಮಿಗೂ ದೈತ್ಯ ಗ್ರಹಗಳಿಗೂ ಇರುವ ವ್ಯತ್ಯಾಸ

ಭೂಮಿಯ ವಾಯುವಿನ ಸರಾಸರಿ ಅಣುತೂಕ 29. ನೀರಾವಿಯ ಅಣುತೂಕ 18. ಆದುದರಿಂದ ತೇವಭರಿತ ಗಾಳಿಯು ಅದೇ ಉಷ್ಣತೆಯ ಒಣ ಗಾಳಿಗಿಂತ ಹಗುರವಾಗಿರುತ್ತದೆ. ಬೇಸಿಗೆಯ ದಿನ ಬೆವರು ಹರಿಯುವಂತೆ ಸೆಕೆಯಾಗಿ, ಮಧ್ಯಾಹ್ನದ ಹೊತ್ತಿಗೆ ಮೋಡವೆದ್ದು, ಸಂಜೆ ಗುಡುಗು ಮಳೆ ಸುರಿಯುವುದು ಎಲ್ಲರ ಅನುಭವದಲ್ಲಿರುವ ಸಂಗತಿ. ಇಲ್ಲಿ ತೇವವು ಗಾಳಿಗೆ ಏರಲು ಸಹಾಯ ಮಾಡುತ್ತದೆ.

ದೈತ್ಯ ಗ್ರಹಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಇರುತ್ತದೆ. ಗುರುವಿನ ಒಣ ವಾಯುವಿನ ಸರಾಸರಿ ಅಣುತೂಕ ಸುಮಾರು 2.3 ಮಾತ್ರ. ನೀರಾವಿಯು ಅದಕ್ಕಿಂತ ಹೆಚ್ಚುಕಡಿಮೆ 8 ಪಟ್ಟು ಭಾರ. ಅಮೋನಿಯಾ (17) ಮತ್ತು ಮೀಥೇನ್ (16) ಕೂಡ ಅಷ್ಟೇ ಭಾರವಾದವು. ಆದುದರಿಂದ ಅಲ್ಲಿ ತೇವವಾಯುವು ಭಾರವಾದ ವಾಯು. ಅದು ತಾನಾಗಿ ಮೇಲೇರುವುದಿಲ್ಲ, ಒಣ ಪದರದ ಕೆಳಗೆ ತಳ ಹಿಡಿದು ಕೂರುತ್ತದೆ. ಕೆಳಗಿನ ವಾಯು ತಕ್ಕಮಟ್ಟಿಗೆ ಬಿಸಿಯಾಗಿದ್ದರೂ, ತನ್ನೊಳಗಿನ ಆವಿಯ ಭಾರದಿಂದಾಗಿ ಮೇಲಿನ ಒಣ ವಾಯುವಿಗಿಂತ ತೂಕವಾಗಿಯೇ ಉಳಿಯಬಹುದು. ಆವಿಯ ಪ್ರಮಾಣವು ಒಂದು ಮಿತಿಯನ್ನು ಮೀರಿದಾಗ ಉಷ್ಣಸಂವಹನವು ಸ್ಥಗಿತಗೊಳ್ಳಬಹುದೆಂದು ಫ್ರಾನ್ಸಿನ ವಿಜ್ಞಾನಿ ಟ್ರಿಸ್ಟಾನ್ ಗಿಯೋ ಅವರು 1995ರಲ್ಲಿ ತೋರಿಸಿಕೊಟ್ಟರು.

ಇದರ ಪರಿಣಾಮವನ್ನು ಮುಚ್ಚಳ ಹಾಕಿದ ಪಾತ್ರೆಗೆ ಹೋಲಿಸಬಹುದು. ಒಳಗಿನ ಶಾಖವು ತೇವದ ಪದರದ ಕೆಳಗೆ ಸಂಗ್ರಹವಾಗುತ್ತಾ ಹೋಗುತ್ತದೆ. ಮೇಲಿನ ಪದರವು ಶಾಖವನ್ನು ಬಾಹ್ಯಾಕಾಶಕ್ಕೆ ಸೂಸುತ್ತಾ ತಂಪಾಗಿ ಭಾರವಾಗುತ್ತಾ ಬರುತ್ತದೆ. ಎರಡರ ತೂಕ ಸರಿಸಮವಾದ ಬಳಿಕ ತೇವವಾಯುವು ಒಮ್ಮೆಲೇ ಮೇಲೇಳುತ್ತದೆ. ಏರುವಾಗ ಆವಿಯು ಹನಿಯಾಗಿ ಗುಪ್ತೋಷ್ಣವನ್ನು ಬಿಡುಗಡೆ ಮಾಡುವುದರಿಂದ ಏರಿಕೆಯು ಮತ್ತಷ್ಟು ತೀವ್ರವಾಗುತ್ತದೆ. ಹೀಗೆ ಭೂಮಿಯಲ್ಲಿ ದಿನನಿತ್ಯ ತೀರುವ ಲೆಕ್ಕವು ಅಲ್ಲಿ ದೀರ್ಘಕಾಲ ಬಾಕಿ ಉಳಿದು, ಒಂದೇ ಕಂತಿನಲ್ಲಿ ತೀರುವಳಿಯಾಗುತ್ತದೆ.

7. ಉದಾಹರಣೆ ಒಂದು: ಶನಿಯ ಮಹಾ ಬಿಳಿ ಕಲೆ

ಮೇಲ್ಕಂಡ ವಿವರಣೆಗೆ ಅತ್ಯುತ್ತಮ ಉದಾಹರಣೆಯು ಶನಿಗ್ರಹದಲ್ಲಿ ದೊರೆಯುತ್ತದೆ. ಸಾಮಾನ್ಯವಾಗಿ ಮಸುಕು ಹಳದಿಯಾಗಿ, ಪ್ರಶಾಂತವಾಗಿ ಕಾಣುವ ಶನಿಯಲ್ಲಿ ಬಹಳ ವರ್ಷಗಳಿಗೊಮ್ಮೆ ಬೃಹತ್ ಬಿಳಿ ಮೋಡವೊಂದು ಸ್ಫೋಟದಂತೆ ಮೇಲೇಳುತ್ತದೆ. ಇದುವರೆಗೆ ದಾಖಲಾದ ಇಂತಹ ಘಟನೆಗಳು 1876, 1903, 1933, 1960, 1990 ಮತ್ತು 2010ರಲ್ಲಿ ಸಂಭವಿಸಿದವು. 1876ರ ಕಲೆಯನ್ನು ವಾಷಿಂಗ್ಟನ್‌ನಲ್ಲಿ ಅಸಾಫ್ ಹಾಲ್ ಅವರು ಗಮನಿಸಿ, ಅದರ ಚಲನೆಯಿಂದ ಶನಿಯ ಆವರ್ತನದ ಅವಧಿಯನ್ನು ಲೆಕ್ಕ ಹಾಕಿದರು. 1933ರ ಕಲೆಯನ್ನು ಕಂಡುಹಿಡಿದವರು ಇಂಗ್ಲೆಂಡಿನ ಹಾಸ್ಯನಟ ಹಾಗೂ ಹವ್ಯಾಸಿ ಖಗೋಳ ವೀಕ್ಷಕ ವಿಲ್ ಹೇ ಅವರು.

ಈ ಪಟ್ಟಿಯಲ್ಲಿ 1876, 1933 ಮತ್ತು 1990ರ ಘಟನೆಗಳು ಸಮಭಾಜಕ ವೃತ್ತದ ಸಮೀಪದಲ್ಲಿ ನಡೆದವು. ಅವುಗಳ ನಡುವಿನ ಅಂತರ ಎರಡು ಬಾರಿಯೂ 57 ವರ್ಷ. 2015ರಲ್ಲಿ ಚೆಂಗ್ ಲೀ ಮತ್ತು ಆಂಡ್ರ್ಯೂ ಇಂಗರ್ಸಾಲ್ ಅವರು ಈ ದೀರ್ಘ ವಿರಾಮಕ್ಕೆ ತೇವವಾಯುವಿನ ಭಾರವೇ ಕಾರಣವೆಂದು ವಿವರಿಸಿದರು. ಅವರ ಪ್ರಕಾರ, ಒಂದು ಬಿರುಗಾಳಿ ಮುಗಿದ ಮೇಲೆ ಹಗುರವಾದ ಬಿಸಿ ಒಣ ಪದರವು ಭಾರವಾದ ತೇವದ ಪದರದ ಮೇಲೆ ಉಳಿಯುತ್ತದೆ. ಮೇಲಿನ ಪದರವು ಸಾಕಷ್ಟು ತಣ್ಣಗಾಗಲು ಸುಮಾರು 60 ವರ್ಷ ಹಿಡಿಯುತ್ತದೆ. ತೂಕದ ಲೆಕ್ಕದಲ್ಲಿ ನೀರಿನ ಅಂಶವು ಶೇಕಡಾ 1ಕ್ಕಿಂತ ತುಸು ಹೆಚ್ಚಿರುವಲ್ಲಿ ಮಾತ್ರ ಈ ಕ್ರಮವು ಸಾಧ್ಯ. ಗುರುವಿನಲ್ಲಿ ಇಂತಹ ಬಿರುಗಾಳಿ ಕಾಣದಿರುವುದಕ್ಕೆ ಅಲ್ಲಿ ನೀರಿನ ಅಂಶವು ಈ ಮಿತಿಗಿಂತ ಕಡಿಮೆಯಿರುವುದು ಕಾರಣವಾಗಿರಬಹುದೆಂದು ಅವರು ಸೂಚಿಸಿದರು.

2010ರ ಡಿಸೆಂಬರ್ 5ರಂದು ಪ್ರಾರಂಭವಾದ ಬಿರುಗಾಳಿಯನ್ನು ಶನಿಯ ಸುತ್ತ ಪರಿಭ್ರಮಿಸುತ್ತಿದ್ದ ಕ್ಯಾಸಿನಿ ಗಗನನೌಕೆಯು ಸಮೀಪದಿಂದ ವೀಕ್ಷಿಸಿತು. ಹವ್ಯಾಸಿ ವೀಕ್ಷಕರೂ ಅದೇ ದಿನಗಳಲ್ಲಿ ಅದರ ಚಿತ್ರಗಳನ್ನು ತೆಗೆದರು. ಉತ್ತರ ಅಕ್ಷಾಂಶ 35 ಡಿಗ್ರಿಯ ಸಮೀಪ ಎದ್ದ ಈ ಮೋಡವು ಎರಡು ತಿಂಗಳೊಳಗೆ ಇಡೀ ಗ್ರಹವನ್ನು ಸುತ್ತುವರಿದು ತನ್ನ ಬಾಲವನ್ನೇ ತಲುಪಿತು. ತೀವ್ರವಾಗಿದ್ದ ಹಂತದಲ್ಲಿ ಸೆಕೆಂಡಿಗೆ 10ಕ್ಕೂ ಹೆಚ್ಚು ಮಿಂಚುಗಳು ದಾಖಲಾದವು. ಮಿಂಚಿನ ರೇಡಿಯೋ ಸಂಕೇತಗಳು 2011ರ ಆಗಸ್ಟ್‌ವರೆಗೂ ಕೇಳಿಬಂದವು. ಮೇಲೆ ಎಸೆಯಲ್ಪಟ್ಟ ಮೋಡದಲ್ಲಿ ನೀರಿನ ಹಿಮಕಣಗಳು ಪತ್ತೆಯಾದದ್ದು ಗಮನಾರ್ಹ. 10 ಬಾರ್‌ಗೂ ಕೆಳಗಿನ ಆಳದಲ್ಲಿದ್ದ ನೀರು ಮೇಲಿನವರೆಗೆ ಸಾಗಿಬಂದಿತ್ತು ಎಂಬುದಕ್ಕೆ ಇದು ನೇರ ಸಾಕ್ಷ್ಯ.

ಬಿರುಗಾಳಿ ಕಣ್ಮರೆಯಾದರೂ ಅದರ ಗುರುತು ಉಳಿಯುತ್ತದೆ. ಅಮೆರಿಕದ ವೆರಿ ಲಾರ್ಜ್ ಅರೇ ರೇಡಿಯೋ ದೂರದರ್ಶಕದ ಅಳತೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ವರದಿಯು, ಹಿಂದಿನ ಮಹಾ ಬಿರುಗಾಳಿಗಳು ಶನಿಯ ಆಳದಲ್ಲಿ ಅಮೋನಿಯಾ ಹಂಚಿಕೆಯನ್ನು ಬದಲಿಸಿದ ಕುರುಹುಗಳು ನೂರಾರು ವರ್ಷ ಉಳಿಯುತ್ತವೆಂದು ತಿಳಿಸಿದೆ.

8. ಉದಾಹರಣೆ ಎರಡು: ಗುರುವಿನೊಳಗೆ ಇಳಿದ ಗೆಲಿಲಿಯೋ ಶೋಧಕ

ದೈತ್ಯ ಗ್ರಹವೊಂದರ ಮೋಡಗಳೊಳಗೆ ಇಳಿದು ಅಳತೆ ಮಾಡುವ ಉದ್ದೇಶದಿಂದಲೇ ಕಳುಹಿಸಲಾದ ಮೊದಲ ಉಪಕರಣವು ಗೆಲಿಲಿಯೋ ಯೋಜನೆಯ ಶೋಧಕ. 339 ಕಿಲೋಗ್ರಾಂ ತೂಕದ ಈ ಶೋಧಕವು 1995ರ ಡಿಸೆಂಬರ್ 7ರಂದು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಗುರುವಿನ ವಾಯುಮಂಡಲವನ್ನು ಪ್ರವೇಶಿಸಿತು. ಧುಮುಕುಕೊಡೆಯ ನೆರವಿನಿಂದ ಇಳಿಯುತ್ತಾ ಒಂದು ಗಂಟೆಗೆ ತುಸು ಕಡಿಮೆ ಕಾಲ ಮಾಹಿತಿ ಕಳುಹಿಸಿ, 20 ಬಾರ್‌ಗೂ ಹೆಚ್ಚಿನ ಒತ್ತಡದ ಆಳದಲ್ಲಿ ಮೌನವಾಯಿತು.

ವಿಜ್ಞಾನಿಗಳು 5 ಬಾರ್ ಮಟ್ಟದಲ್ಲಿ ದಟ್ಟವಾದ ನೀರಿನ ಮೋಡವನ್ನು ನಿರೀಕ್ಷಿಸಿದ್ದರು. ಶೋಧಕಕ್ಕೆ ಅಂತಹ ಮೋಡ ಸಿಗಲಿಲ್ಲ. ನೀರಿನ ಪ್ರಮಾಣವು ಸೂರ್ಯನ ಸಾಮಗ್ರಿಯ ಅನುಪಾತಕ್ಕಿಂತಲೂ ಕಡಿಮೆಯಿತ್ತು. ಇಂಗಾಲ ಮತ್ತು ಗಂಧಕದಂತಹ ಧಾತುಗಳು ಸೂರ್ಯನ ಅನುಪಾತದ ಸುಮಾರು 3 ಪಟ್ಟು ಇರುವಾಗ ನೀರು ಮಾತ್ರ ಕಡಿಮೆಯಿರುವುದು ಗ್ರಹಗಳ ಹುಟ್ಟಿನ ಬಗ್ಗೆ ಇದ್ದ ಸಿದ್ಧಾಂತಗಳಿಗೆ ಹೊಂದುತ್ತಿರಲಿಲ್ಲ.

ಭೂಮಿಯ ದೂರದರ್ಶಕಗಳ ಚಿತ್ರಗಳು ಇದಕ್ಕೆ ಕಾರಣವನ್ನು ಒದಗಿಸಿದವು. ಶೋಧಕವು ಇಳಿದ ಸ್ಥಳವು ಸಮಭಾಜಕ ವೃತ್ತದ ಉತ್ತರಕ್ಕಿರುವ, ಮೋಡಗಳು ತೆರವಾಗಿದ್ದ ಒಂದು ಬಿಸಿ ತಾಣವಾಗಿತ್ತು. ಇಂತಹ ತಾಣಗಳಲ್ಲಿ ಒಣ ವಾಯುವು ಮೇಲಿನಿಂದ ಆಳಕ್ಕೆ ಇಳಿಯುತ್ತಿರುತ್ತದೆ. ಇವು ಗುರುವಿನ ಮೇಲ್ಮೈಯ ಶೇಕಡಾ 1ಕ್ಕಿಂತ ಕಡಿಮೆ ಭಾಗದಲ್ಲಿ ಮಾತ್ರ ಕಂಡುಬರುತ್ತವೆ. ಉಪಕರಣಗಳಾಗಲಿ, ದಾಖಲಾದ ಅಂಕಿಗಳಾಗಲಿ ತಪ್ಪಾಗಿರಲಿಲ್ಲ. ಆದರೆ ಒಂದು ಸ್ಥಳದ ಅಂಕಿಯು ಇಡೀ ಗ್ರಹದ ಅಂಕಿಯಾಗಿರಲಿಲ್ಲ. ಮರುಭೂಮಿಯಲ್ಲಿ ಇಟ್ಟ ಮಳೆಮಾಪಕವೊಂದರಿಂದ ಭೂಮಿಯ ಒಟ್ಟು ಮಳೆಯನ್ನು ನಿರ್ಧರಿಸಲು ಬಾರದಂತೆ, ಉಷ್ಣಸಂವಹನದ ಇಳಿಮುಖ ಭಾಗವೊಂದರಿಂದ ಗುರುವಿನ ನೀರನ್ನು ನಿರ್ಧರಿಸಲು ಬರುವುದಿಲ್ಲ.

9. ಜೂನೋ ಗಗನನೌಕೆಯ ಅಳತೆಗಳು

ಗೆಲಿಲಿಯೋ ಶೋಧಕವು ಉಳಿಸಿದ ಪ್ರಶ್ನೆಗೆ ಉತ್ತರ ಹುಡುಕುವುದು ಜೂನೋ ಯೋಜನೆಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. 2011ರ ಆಗಸ್ಟ್ 5ರಂದು ಉಡಾವಣೆಗೊಂಡ ಜೂನೋ, 2016ರ ಜುಲೈನಲ್ಲಿ ಗುರುವಿನ ಧ್ರುವಗಳ ಮೇಲಿಂದ ಹಾದುಹೋಗುವ ಕಕ್ಷೆಯನ್ನು ಸೇರಿತು. ಅದರಲ್ಲಿರುವ ಮೈಕ್ರೋವೇವ್ ಮಾಪಕವು ಆರು ತರಂಗಾಂತರಗಳಲ್ಲಿ ಮೋಡಗಳ ಕೆಳಗಿನಿಂದ ಹೊರಬರುವ ವಿಕಿರಣವನ್ನು ಅಳೆಯುತ್ತದೆ. ತರಂಗಾಂತರ ಹೆಚ್ಚಿದಷ್ಟೂ ಹೆಚ್ಚಿನ ಆಳದ ಮಾಹಿತಿ ದೊರೆಯುತ್ತದೆ. ಇದರ ಮುಖ್ಯ ಫಲಿತಾಂಶಗಳು ಈ ಕೆಳಕಂಡಂತಿವೆ.

(ಅ) ನೀರು: ಮೊದಲ ಎಂಟು ಸಮೀಪ ಹಾರಾಟಗಳ ಅಳತೆಗಳ ಮೇಲೆ 2020ರಲ್ಲಿ ಪ್ರಕಟವಾದಂತೆ, ಸಮಭಾಜಕ ವೃತ್ತದ ಬಳಿ ಗುರುವಿನ ವಾಯುಮಂಡಲದ ಅಣುಗಳಲ್ಲಿ ಸುಮಾರು ಶೇಕಡಾ 0.25 ನೀರಿನ ಅಣುಗಳು. ಇದು ಸೂರ್ಯನ ಅನುಪಾತದ 3 ಪಟ್ಟಿಗೆ ಸಮೀಪದ್ದು. ಗೆಲಿಲಿಯೋ ಶೋಧಕದ ಅಂಕಿಯು ಸ್ಥಳೀಯವಾದುದು ಎಂಬ ಅಭಿಪ್ರಾಯವನ್ನು ಇದು ಬೆಂಬಲಿಸಿತು. ಆದಾಗ್ಯೂ ಇದು ಸಮಭಾಜಕ ವೃತ್ತದ ಭಾಗಕ್ಕೆ ಸಂಬಂಧಿಸಿದ ಅಂಕಿ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು.

(ಆ) ಅಮೋನಿಯಾ: ಮೋಡದ ತಳದಿಂದ ಕೆಳಗೆ ಅಮೋನಿಯಾ ಸಮನಾಗಿ ಬೆರೆತಿರುತ್ತದೆ ಎಂದು ಮೊದಲು ಭಾವಿಸಲಾಗಿತ್ತು. ಸಮಭಾಜಕದ ಕಿರಿದಾದ ಪಟ್ಟಿಯನ್ನು ಬಿಟ್ಟರೆ, ಹೆಚ್ಚಿನ ಅಕ್ಷಾಂಶಗಳಲ್ಲಿ ಸುಮಾರು 20 ಬಾರ್ ಅಥವಾ ಅದಕ್ಕೂ ಹೆಚ್ಚಿನ ಆಳದವರೆಗೆ ಅಮೋನಿಯಾ ಕೊರತೆ ಇರುವುದು ಕಂಡುಬಂದಿತು.

(ಇ) ಮೇಲುಮಟ್ಟದ ಮಿಂಚು: ಮೈನಸ್ 66 ಡಿಗ್ರಿಗಿಂತ ತಂಪಾದ ಎತ್ತರದಲ್ಲಿಯೂ ಸಣ್ಣ ಮಿಂಚುಗಳು ಇರುವುದನ್ನು ಜೂನೋದ ಕ್ಯಾಮೆರಾ ದಾಖಲಿಸಿತು. ಶುದ್ಧ ನೀರು ಆ ಶೀತದಲ್ಲಿ ದ್ರವವಾಗಿ ಇರಲಾರದು. ದ್ರವ ಮತ್ತು ಹಿಮಕಣಗಳ ತಿಕ್ಕಾಟವಿಲ್ಲದೆ ಮಿಂಚಿನ ವಿದ್ಯುತ್ ಉಂಟಾಗುವುದು ಕಷ್ಟ.

(ಆ) ಮತ್ತು (ಇ) ಅಂಶಗಳೆರಡಕ್ಕೂ 2020ರಲ್ಲಿ ಒಂದೇ ವಿವರಣೆಯನ್ನು ಮುಂದಿಡಲಾಯಿತು. ಪ್ರಬಲ ಬಿರುಗಾಳಿಗಳು ನೀರಿನ ಹಿಮಕಣಗಳನ್ನು ಬಹಳ ಎತ್ತರಕ್ಕೆ ಒಯ್ದಾಗ, ಅಲ್ಲಿನ ಅಮೋನಿಯಾ ಆವಿಯು ಹಿಮವನ್ನು ಕರಗಿಸಿ, ಅತಿಶೀತದಲ್ಲಿಯೂ ದ್ರವವಾಗಿ ಉಳಿಯುವ ಮಿಶ್ರಣವನ್ನು ಮಾಡುತ್ತದೆ. ಈ ಮಿಶ್ರಣವು ಹಿಮದ ಕವಚ ಪಡೆದು ಆಲಿಕಲ್ಲಿನಂತೆ ದಪ್ಪವಾಗಿ ಕೆಳಗೆ ಬೀಳುತ್ತದೆ. ವಿಜ್ಞಾನಿಗಳು ಇದನ್ನು ಮಶ್‌ಬಾಲ್ ಎಂದು ಕರೆದಿರುತ್ತಾರೆ. ಈ ಆಲಿಕಲ್ಲುಗಳು ಮೋಡಗಳ ಎಷ್ಟೋ ಕೆಳಗೆ ಹೋಗಿ ಆವಿಯಾಗುವುದರಿಂದ ಅಮೋನಿಯಾ ಮತ್ತು ನೀರು ಎರಡೂ ಆಳಕ್ಕೆ ಸಾಗಣೆಯಾಗುತ್ತವೆ. ಅಲ್ಲಿ ಅವು ಭಾರವಾದ ವಾಯುವಾಗಿ ಉಳಿಯುವುದರಿಂದ ಸುಲಭವಾಗಿ ಮೇಲಕ್ಕೆ ಮರಳುವುದಿಲ್ಲ. ಕಲಂ 6ರಲ್ಲಿ ವಿವರಿಸಿದ ತತ್ವವೇ ಇಲ್ಲಿಯೂ ಅನ್ವಯಿಸುತ್ತದೆ.

10. ವಲಯಗಳು, ಪಟ್ಟೆಗಳು ಮತ್ತು ಮಿಂಚು

ಗುರುವಿನ ಮೇಲೆ ಬಿಳುಪಾದ ವಲಯಗಳು ಮತ್ತು ಕಂದುಬಣ್ಣದ ಪಟ್ಟೆಗಳು ಪರ್ಯಾಯವಾಗಿ ಕಾಣುತ್ತವೆ. ಬಿಳಿ ವಲಯಗಳಲ್ಲಿ ವಾಯು ಮೇಲೇರಿ ಮೋಡ ಕಟ್ಟುತ್ತದೆ, ಕಂದು ಪಟ್ಟೆಗಳಲ್ಲಿ ವಾಯು ಕೆಳಗಿಳಿದು ಮೋಡ ತೆಳುವಾಗುತ್ತದೆ ಎಂಬುದು ಬಹುಕಾಲದಿಂದ ಇದ್ದ ವಿವರಣೆ. ಆದರೆ ವಾಯೇಜರ್, ಗೆಲಿಲಿಯೋ ಮತ್ತು ಕ್ಯಾಸಿನಿ ನೌಕೆಗಳು ಮಿಂಚನ್ನು ಕಂಡದ್ದು ಹೆಚ್ಚಾಗಿ ಕಂದು ಪಟ್ಟೆಗಳಲ್ಲಿ. ಮಿಂಚಿರುವಲ್ಲಿ ವಾಯುವಿನ ಏರಿಕೆ ಇರಲೇಬೇಕು. ಆದುದರಿಂದ ಮೇಲ್ಭಾಗದಲ್ಲಿ ಕಾಣುವ ಚಲನೆಯೂ ಆಳದಲ್ಲಿನ ಚಲನೆಯೂ ಒಂದೇ ಆಗಿರಬೇಕಿಲ್ಲ ಎಂಬ ಅಭಿಪ್ರಾಯಕ್ಕೆ ಬರಲಾಗಿದೆ. ಕೆಲವು ಬಾರ್‌ಗಳ ಆಳದ ಕೆಳಗೆ ವಲಯ ಮತ್ತು ಪಟ್ಟೆಗಳ ಗುಣಲಕ್ಷಣವು ಅದಲುಬದಲಾಗುವುದನ್ನು ಜೂನೋ ಅಳತೆಗಳೂ ತೋರಿಸಿವೆ.

ಮಿಂಚಿನ ಹಂಚಿಕೆಯೂ ಭೂಮಿಗಿಂತ ಭಿನ್ನವಾಗಿದೆ. ಭೂಮಿಯಲ್ಲಿ ಮಿಂಚು ಉಷ್ಣವಲಯದಲ್ಲಿ ಹೆಚ್ಚು. 2018ರಲ್ಲಿ ಪ್ರಕಟವಾದ ಜೂನೋ ವರದಿಯಂತೆ, ಎಂಟು ಹಾರಾಟಗಳಲ್ಲಿ ದಾಖಲಾದ 377 ಮಿಂಚಿನ ಸಂಕೇತಗಳಲ್ಲಿ ಬಹುಪಾಲು ಧ್ರುವಗಳ ಕಡೆಗಿದ್ದವು. ಸಮಭಾಜಕದ ಬಳಿ ಬಿಸಿಲು ವಾಯುಮಂಡಲದ ಮೇಲ್ಭಾಗವನ್ನು ಬೆಚ್ಚಗಿಡುವುದರಿಂದ ಏರಿಕೆಗೆ ತಡೆ ಉಂಟಾಗುತ್ತದೆ. ಧ್ರುವಗಳ ಬಳಿ ಅಂತಹ ತಡೆ ಇಲ್ಲದ ಕಾರಣ ಒಳಗಿನ ಶಾಖವು ಸುಲಭವಾಗಿ ಮೇಲೇರುತ್ತದೆ.

11. ಯುರೇನಸ್ ಮತ್ತು ನೆಪ್ಚೂನ್

ಈ ಎರಡು ಗ್ರಹಗಳನ್ನು ಸಮೀಪದಿಂದ ನೋಡಿರುವುದು ವಾಯೇಜರ್ 2 ನೌಕೆ ಮಾತ್ರ. ಅದು 1986ರ ಜನವರಿಯಲ್ಲಿ ಯುರೇನಸ್ಸನ್ನೂ 1989ರ ಆಗಸ್ಟ್‌ನಲ್ಲಿ ನೆಪ್ಚೂನನ್ನೂ ಹಾದುಹೋಯಿತು. ಗಾತ್ರದಲ್ಲಿ ಎರಡೂ ಗ್ರಹಗಳು ಅವಳಿಗಳಂತಿದ್ದರೂ ಶಾಖದ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ನೆಪ್ಚೂನ್ ತಾನು ಹೀರುವ ಬಿಸಿಲಿನ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವನ್ನು ಸೂಸುತ್ತದೆ. ಯುರೇನಸ್‌ನಲ್ಲಿ ಆಂತರಿಕ ಶಾಖ ಇಲ್ಲವೆನ್ನುವಷ್ಟು ಕಡಿಮೆ ಎಂದು ವಾಯೇಜರ್ ಅಳತೆಗಳಿಂದ ಭಾವಿಸಲಾಗಿತ್ತು. 2025ರಲ್ಲಿ ಪ್ರಕಟವಾದ ಲೆಕ್ಕಗಳ ಪ್ರಕಾರ ಅದು ಹೀರುವುದಕ್ಕಿಂತ ಶೇಕಡಾ 12ರಿಂದ 15ರಷ್ಟು ಹೆಚ್ಚು ಶಾಖವನ್ನು ಸೂಸುತ್ತದೆ. ಹಾಗಿದ್ದರೂ ನೆಪ್ಚೂನ್‌ಗೆ ಹೋಲಿಸಿದಲ್ಲಿ ಇದು ಅತ್ಯಲ್ಪ. ಭಾರವಾದ ಆವಿಯ ಪದರಗಳು ಯುರೇನಸ್‌ನ ಒಳಶಾಖವನ್ನು ಹಿಡಿದಿಟ್ಟಿರಬಹುದು ಎಂಬುದು ಪರಿಶೀಲನೆಯಲ್ಲಿರುವ ವಿವರಣೆಗಳಲ್ಲಿ ಒಂದು.

ಯುರೇನಸ್‌ನಲ್ಲಿಯೂ ಆಗಾಗ ಮೋಡಗಳು ಏಳುವುದುಂಟು. 2014ರ ಆಗಸ್ಟ್‌ನಲ್ಲಿ ಪ್ರಕಾಶಮಾನವಾದ ಬಿರುಗಾಳಿ ಮೋಡಗಳು ಅಲ್ಲಿ ಕಂಡುಬಂದವು. 2018ರಲ್ಲಿ ಹವಾಯಿಯ ಜೆಮಿನಿ ಉತ್ತರ ದೂರದರ್ಶಕದ ಮೂಲಕ ಮೋಡಗಳ ಮೇಲೆ ಹೈಡ್ರೋಜನ್ ಸಲ್ಫೈಡ್ ಇರುವುದು ಪತ್ತೆಯಾಯಿತು. ಇದು ಕೊಳೆತ ಮೊಟ್ಟೆಯ ವಾಸನೆಯ ಅನಿಲ. ನೆಪ್ಚೂನ್‌ನಲ್ಲಿ ವಾಯೇಜರ್ 2 ಕಂಡ ಮಹಾ ಕಪ್ಪು ಕಲೆಯು 1994ರ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಇರಲಿಲ್ಲ.

12. ಈ ಮಾಹಿತಿಯ ಮಹತ್ವ

2022ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಪ್ರಕಟಿಸಿದ ಗ್ರಹವಿಜ್ಞಾನದ ದಶವಾರ್ಷಿಕ ವರದಿಯಲ್ಲಿ, ಯುರೇನಸ್ ಸುತ್ತ ಪರಿಭ್ರಮಿಸುವ ನೌಕೆ ಹಾಗೂ ಅದರ ವಾಯುಮಂಡಲಕ್ಕೆ ಇಳಿಯುವ ಶೋಧಕವನ್ನು ಹೊಸ ಬೃಹತ್ ಯೋಜನೆಗಳಲ್ಲಿ ಮೊದಲ ಆದ್ಯತೆಯದಾಗಿ ಶಿಫಾರಸು ಮಾಡಲಾಗಿದೆ. ಅಂತಹ ಶೋಧಕ ಇಳಿಯುವ ಅವಕಾಶ ಒಂದೇ ಬಾರಿ, ಒಂದೇ ಸ್ಥಳದಲ್ಲಿ. ಆ ಸ್ಥಳವು ಏರುಮುಖದ್ದೋ ಇಳಿಮುಖದ್ದೋ, ಬಿರುಗಾಳಿ ಹಾದುಹೋದದ್ದೋ ಎಂಬುದನ್ನು ತಿಳಿಯದೆ ದೊರೆತ ಅಂಕಿಗಳನ್ನು ಇಡೀ ಗ್ರಹಕ್ಕೆ ಅನ್ವಯಿಸಲು ಬರುವುದಿಲ್ಲ ಎಂಬುದು 1995ರ ಅನುಭವದಿಂದ ದೃಢಪಟ್ಟಿದೆ. ಶೋಧಕದ ಜೊತೆಗೆ ಪರಿಭ್ರಮಿಸುವ ನೌಕೆಯೂ ಇದ್ದಲ್ಲಿ, ಶೋಧಕ ಇಳಿದ ಸ್ಥಳವನ್ನು ಗ್ರಹದ ಉಳಿದ ಭಾಗದೊಡನೆ ತಾಳೆ ನೋಡಲು ಸಾಧ್ಯವಾಗುತ್ತದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗುರುವಿನ ಮಹಾ ಕೆಂಪು ಕಲೆಯು ಶನಿಯ ಬಿಳಿ ಕಲೆಯಂತಹ ಬಿರುಗಾಳಿಯೇ?
ಉತ್ತರ: ಅಲ್ಲ. ಶನಿಯ ಬಿಳಿ ಕಲೆಯು ತೇವವಾಯುವಿನ ಏರಿಕೆಯಿಂದ ಉಂಟಾಗಿ ಕೆಲವು ತಿಂಗಳಲ್ಲಿ ಶಮನವಾಗುತ್ತದೆ. ಮಹಾ ಕೆಂಪು ಕಲೆಯು ನೂರಕ್ಕೂ ಹೆಚ್ಚು ವರ್ಷಗಳಿಂದ ಸುತ್ತುತ್ತಿರುವ ಬೃಹತ್ ಸುಳಿ. ಅದರ ಆಳವು ಸುಮಾರು 300ರಿಂದ 500 ಕಿಲೋಮೀಟರ್ ಎಂದು 2021ರಲ್ಲಿ ಜೂನೋ ಅಳತೆಗಳಿಂದ ತಿಳಿದುಬಂದಿದೆ.

ಪ್ರಶ್ನೆ: ಅಲ್ಲಿ ಬೀಳುವ ಮಳೆ ಎಲ್ಲಿಗೆ ಸೇರುತ್ತದೆ?
ಉತ್ತರ: ನೆಲವಿಲ್ಲದ ಕಾರಣ ಮಳೆಯು ಎಲ್ಲಿಯೂ ನಿಲ್ಲುವುದಿಲ್ಲ. ಕೆಳಗಿಳಿದಂತೆ ಉಷ್ಣತೆ ಹೆಚ್ಚುವುದರಿಂದ ಹನಿಗಳು ಮತ್ತು ಆಲಿಕಲ್ಲುಗಳು ಆವಿಯಾಗಿ ಅಲ್ಲಿನ ವಾಯುವಿನಲ್ಲಿ ಬೆರೆಯುತ್ತವೆ.

ಪ್ರಶ್ನೆ: ಶನಿಯ ಮುಂದಿನ ಮಹಾ ಬಿಳಿ ಕಲೆ ಯಾವ ವರ್ಷ ಕಾಣಿಸಿಕೊಳ್ಳುತ್ತದೆ?
ಉತ್ತರ: ದಾಖಲಾಗಿರುವ ಘಟನೆಗಳು ಆರು ಮಾತ್ರ. 1990ರ ನಂತರದ ಘಟನೆಯು 20 ವರ್ಷಗಳಲ್ಲಿಯೇ ಸಂಭವಿಸಿತು. ಆದುದರಿಂದ ಇವುಗಳನ್ನು ವೇಳಾಪಟ್ಟಿಯೆಂದು ಪರಿಗಣಿಸಲು ಬರುವುದಿಲ್ಲ.

ಪ್ರಶ್ನೆ: ಇವುಗಳನ್ನು ಸಾರ್ವಜನಿಕರು ಸ್ವತಃ ನೋಡಬಹುದೇ?
ಉತ್ತರ: ಗುರುವಿನ ಎರಡು ಮುಖ್ಯ ಕಂದು ಪಟ್ಟೆಗಳು ಸಣ್ಣ ದೂರದರ್ಶಕದಲ್ಲಿಯೂ ಕಾಣುತ್ತವೆ. ಇವುಗಳಲ್ಲಿ ದಕ್ಷಿಣದ ಪಟ್ಟೆಯು 2010ರಲ್ಲಿ ಮಸುಕಾಗಿ ಕಾಣದಂತಾಗಿ, ಅದೇ ವರ್ಷದ ನವೆಂಬರ್‌ನಲ್ಲಿ ಎದ್ದ ಬಿಳಿ ಮೋಡವೊಂದರಿಂದ ಪ್ರಾರಂಭವಾಗಿ ಮತ್ತೆ ಕಾಣಿಸಿಕೊಂಡಿತು. ಈ ಬದಲಾವಣೆಯನ್ನು ಅನುಸರಿಸಿದವರಲ್ಲಿ ಹವ್ಯಾಸಿ ವೀಕ್ಷಕರೇ ಬಹಳ ಮಂದಿ. ವೀಕ್ಷಿಸಿದ ದಿನಾಂಕ, ಸಮಯ ಮತ್ತು ಚಿತ್ರವನ್ನು ಕ್ರಮಬದ್ಧವಾಗಿ ಬರೆದಿಟ್ಟಲ್ಲಿ ಅಂತಹ ದಾಖಲೆಯು ಸಂಶೋಧನೆಗೂ ಉಪಯುಕ್ತವಾಗುತ್ತದೆ.